ಅಲುಗಾಟ ಎಲ್ಲಿಯದು? ಹಳೆಯ ಪಿಲ್ಲರ್ ಡ್ರಿಲ್ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಹಳೆಯ ಪಿಲ್ಲರ್ ಡ್ರಿಲ್, ಅಂದರೆ ಕಂಬದ ಮೇಲೆ ಕೂತ ತೂತು ಕೊರೆಯುವ ಯಂತ್ರ, ಮಾರುವವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ಮೋಟರ್ ಓಡುತ್ತದೆ, ಬಣ್ಣ ಚೆನ್ನಾಗಿದೆ. ಎರಡೂ ಅಗ್ಗದ ಸಂಗತಿಗಳು. ಮೋಟರ್ ಸುಟ್ಟಿದ್ದರೆ ರಿವೈಂಡಿಂಗ್ ಮಾಡಿಸಬಹುದು, ಬಣ್ಣ ಹೋಗಿದ್ದರೆ ಬಳಿದುಕೊಳ್ಳಬಹುದು. ಕೈ ಕಚ್ಚುವುದು ಬೀಡಿನ (ಎರಕದ ಕಬ್ಬಿಣದ) ಹೆಡ್ಡಿನೊಳಗಿನ, ಅಂದರೆ ಕಂಬದ ತುದಿಯ ಭಾಗದೊಳಗಿನ, ಒಂದು ಬೋರ್ (ದುಂಡು ತೂತು). ಕ್ವಿಲ್, ಅಂದರೆ ತಿರುಗುವ ಶಾಫ್ಟನ್ನು (ಸ್ಪಿಂಡಲ್) ಒಳಗೆ ಹಿಡಿದಿರುವ, ನಮ್ಮ ಫಿಟ್ಟರುಗಳು ಸ್ಲೀವ್ ಅನ್ನುವ ಉಕ್ಕಿನ ಕೊಳವೆ, ಮೇಲೆ ಕೆಳಗೆ ಜಾರುವ ಜಾಗ ಅದು. ಅದು ಸವೆದಿದ್ದರೆ ಉಳಿದದ್ದೆಲ್ಲ ಹೊಸದಾಗಿದ್ದರೂ ತೂತು ನೇರ ಬರುವುದಿಲ್ಲ.

ಬೆಳಗಾವಿಯ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ, ಮಚ್ಛೆಯ ಕಡೆ ಇಂಥ ಯಂತ್ರ ಹುಡುಕುವವರಿಗೆ ಕೊರತೆಯಿಲ್ಲ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಬಂದ ಶೆಡ್ಡಿನಲ್ಲಿ ಮೊದಲು ಮೂಲೆ ಸೇರುವುದು ಇದೇ. ಮೋಡಕಾ (ಗುಜರಿ) ಅಂಗಡಿಯವನು ಅದನ್ನು ತೂಕಕ್ಕೆ ಹಾಕುತ್ತಾನೆ, ಕಿಲೋ ಲೆಕ್ಕದಲ್ಲಿ ಒಳ್ಳೆಯ ಯಂತ್ರಕ್ಕೂ ಕೆಟ್ಟ ಯಂತ್ರಕ್ಕೂ ಒಂದೇ ದರ. ಕೊಳ್ಳುವವನ ಜೇಬಿನಲ್ಲಿ 0.01 ಮಿಮೀವರೆಗೆ ಅಳೆಯುವ ಡಯಲ್ ಗೇಜ್ ಮತ್ತು ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇದ್ದರೆ ಆ ವ್ಯತ್ಯಾಸ ಅವನ ಲಾಭ.

ಎಲ್ಲರೂ ಮಾಡುವ ಪರೀಕ್ಷೆ ಚಕ್ (ಡ್ರಿಲ್ ಕಚ್ಚಿ ಹಿಡಿಯುವ ಭಾಗ) ಹಿಡಿದು ಅಲುಗಾಡಿಸುವುದು. ಟಕ್ ಟಕ್ ಅಂದರೆ "ಬೇರಿಂಗ್ ಹೋಗಿದೆ" ಅನ್ನುವುದು. ಆದರೆ ಕೈಗೆ ತಿಳಿಯುವ ಆ ಒಂದು ಅಲುಗಾಟಕ್ಕೆ ಮೂರು ಬೇರೆ ಬೇರೆ ಮೂಲಗಳಿವೆ, ಮೂರಕ್ಕೂ ಖರ್ಚು ಬೇರೆ. ಅದನ್ನು ಬೇರ್ಪಡಿಸಲು ಯಂತ್ರ ಜೋಡಿಸಿದ ಸ್ಥಿತಿಯಲ್ಲೇ ಇರಬೇಕು. ಬಿಚ್ಚಿ ಬಕೆಟ್ಟಿಗೆ ಹಾಕಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಪಾನಾ (ಸ್ಪ್ಯಾನರ್) ಎತ್ತುವ ಮೊದಲು ಗೇಜ್ ಇಡಿ ಎಂಬುದು ಈ ಬರಹದ ಅರ್ಧ ಭಾಗ.

ಕ್ವಿಲ್ಲನ್ನು ಪೂರ್ತಿ ಕೆಳಗಿಳಿಸಿ, ಲಾಕ್ ಸಡಿಲವಾಗಿರಲಿ. ಟೇಬಲ್ ಬಿಗಿದು, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಗೇಜಿನ ಮುಳ್ಳು (ಅಳೆಯುವ ತುದಿ) ಕ್ವಿಲ್ಲಿನ ಕೆಳತುದಿಗೆ ತಾಗಿಸಿ. ಈಗ ಕ್ವಿಲ್ಲನ್ನೇ ಹಿಡಿದು ಹಿಂದೆ ಮುಂದೆ, ಆಮೇಲೆ ಎಡ ಬಲ ಒತ್ತಿ. ಇಲ್ಲಿ ಬಂದ ಅಂಕಿ ಬೋರಿನ ಸವೆತ. 0.05ರ ಒಳಗಿದ್ದರೆ ಸಂತೋಷ, 0.1 ದಾಟಿದರೆ ಸಣ್ಣ ಡ್ರಿಲ್ಲುಗಳು ಅಲೆದಾಡುತ್ತವೆ, 0.2 ಅಂದರೆ ಬೀಡಿನ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡಬಾರದು. ಆಮೇಲೆ ಮುಳ್ಳನ್ನು ಸ್ಪಿಂಡಲ್ ಮೂಗಿಗೆ ಸರಿಸಿ, ಈ ಸಲ ಸ್ಪಿಂಡಲನ್ನು ಒತ್ತಿ. ಮೊದಲಿನ ಅಂಕಿಗಿಂತ ಹೆಚ್ಚಿಗೆ ಬಂದದ್ದು ಬೇರಿಂಗಿನ ಪಾಲು. ಕೊನೆಗೆ ಚಕ್ ತೆಗೆದು, ಮುಳ್ಳನ್ನು ಸ್ಪಿಂಡಲಿನ ಟೇಪರ್ (ಒಳಗೆ ಹೋದಂತೆ ಕಿರಿದಾಗುವ) ತೂತಿನ ಒಳಗೋಡೆಗೆ ತಾಗಿಸಿ ಸ್ಪಿಂಡಲನ್ನು ಕೈಯಿಂದ ನಿಧಾನ ತಿರುಗಿಸಿ. ತಿರುಗುವಾಗ ಕಾಣುವ ಏರಿಳಿತ ರನ್‌ಔಟ್. 0.02ರ ಒಳಗೆ ಇರಬೇಕು. ಇದು ಚೆನ್ನಾಗಿದ್ದೂ ಚಕ್ಕಿನಲ್ಲಿ ಹಿಡಿದ ಪಿನ್ ತೂಗಾಡಿದರೆ ತಪ್ಪು ಚಕ್ಕಿನದ್ದು ಅಥವಾ ಆರ್ಬರಿನದ್ದು (ಚಕ್ಕನ್ನು ಸ್ಪಿಂಡಲಿಗೆ ಕೂಡಿಸುವ ತುಂಡು), ಅದಂತೂ ಬದಲಾಯಿಸುವ ಸಾಮಾನು. ಬೇರಿಂಗ್ ಸೆಟ್ ಸಹ ಹಾಗೆಯೇ. ಬಾಗಿದ ಸ್ಪಿಂಡಲ್ ಮತ್ತು ಸವೆದ ಬೋರ್ ಮಾತ್ರ ನಿಜವಾದ ಕೆಲಸ.

ಹ್ಯಾಂಡಲ್ ಸುಮ್ಮನೆ ಕಾಲು ಸುತ್ತು ತಿರುಗಿ ಆಮೇಲೆ ಹಿಡಿಯುವುದು, ಸ್ಪಿಂಡಲಿನ ಸ್ಪ್ಲೈನ್ (ಪುಲ್ಲಿಯೊಳಗೆ ಜಾರುವ ಉದ್ದ ಹಲ್ಲುಗಳು) ಗಡಗಡ ಅನ್ನುವುದು, ಇವು ಕಿವಿಗೆ ಕೆಟ್ಟದಾಗಿ ಕೇಳಿದರೂ ತೂತಿನ ನಿಖರತೆಗೆ ಸಂಬಂಧಿಸಿದ್ದಲ್ಲ. ಸ್ಪ್ಲೈನಿಗೆ ದಪ್ಪ ಗ್ರೀಸ್ ಸವರಿದರೆ ಸದ್ದು ಬಹುಪಾಲು ಇಳಿಯುತ್ತದೆ. ಬೆಲೆ ಚೌಕಾಶಿಗೆ ಮಾತ್ರ ಇವನ್ನು ಬಳಸಿಕೊಳ್ಳಿ.

ಸಾಗಿಸುವಾಗ ಒಂದು ಎಚ್ಚರ. ತೂಕವೆಲ್ಲ ಮೇಲೆ ಇರುವ ಯಂತ್ರ ಇದು, ಟೆಂಪೊದಲ್ಲಿ ನಿಲ್ಲಿಸಿ ಹಗ್ಗ ಕಟ್ಟಿದರೆ ತಿರುವಿನಲ್ಲಿ ಉರುಳುತ್ತದೆ. ಮೋಟರ್ ಇಳಿಸಿ, ಟೇಬಲ್ ಕೆಳಗೆ ಬಿಟ್ಟು, ಸಾಧ್ಯವಾದರೆ ಹೆಡ್ಡನ್ನು ಚೈನ್ ಪುಲ್ಲಿಯಿಂದ ಎತ್ತಿ ಬೇರೆ ಮಾಡಿ, ಪಿಲ್ಲರನ್ನು ಮಲಗಿಸಿ ತನ್ನಿ. ಹ್ಯಾಂಡಲಿನ ಮೇಲೆ ಮಾತ್ರ ಯಾವ ಭಾರವೂ ಬೀಳಬಾರದು. ಫೀಡ್ ಶಾಫ್ಟ್ (ಹ್ಯಾಂಡಲ್ ಕೂತ ಶಾಫ್ಟ್) ಬಾಗುವುದು ಹೆಚ್ಚಾಗಿ ದಾರಿಯಲ್ಲೇ.

ಬಿಚ್ಚುವ ಕ್ರಮದಲ್ಲಿ ಮೊದಲು ಕರೆಂಟಿನ ವೈರ್, ಬೆಲ್ಟ್, ಮೋಟರ್. ಆಮೇಲೆ ಚಕ್. ಸ್ಪಿಂಡಲ್ ಮೋರ್ಸ್ ಟೇಪರಿನದಾದರೆ (ಟೇಪರ್ ತೂತಿನ ಒಂದು ನಿಗದಿತ ಮಾದರಿ) ಪಕ್ಕದಲ್ಲಿ ಉದ್ದ ಕಿಂಡಿ ಇರುತ್ತದೆ, ಅದರಲ್ಲಿ ಡ್ರಿಫ್ಟ್ (ಚಪ್ಪಟೆ ಬೆಣೆ) ತೂರಿಸಿ, ಓರೆಯ ಅಂಚು ಕೆಳಗೆ, ದುಂಡಗಿನ ಬೆನ್ನು ಮೇಲೆ ಇಟ್ಟು, ಹಿತ್ತಾಳೆ ಸುತ್ತಿಗೆಯಿಂದ ಒಂದೇ ಚುರುಕಾದ ಪೆಟ್ಟು. ಕೆಳಗೆ ಟೇಬಲಿನ ಮೇಲೆ ಹಲಗೆ ಇರಲಿ, ಚಕ್ ಬಿದ್ದರೆ ದವಡೆ ಹಾಳು. ಬರಲಿಲ್ಲವೆಂದು ಚಕ್ಕಿನ ಪಕ್ಕಕ್ಕೆ ಬಡಿಯುವ ಅಭ್ಯಾಸ ಬಿಡಬೇಕು, ಆ ಪೆಟ್ಟು ಗುಂಡುಗಳ ಮೂಲಕವೇ ಬೇರಿಂಗಿನ ಓಟದ ಹಾದಿಗೆ ಹೋಗಿ ಕುಳಿ ಬೀಳಿಸುತ್ತದೆ. ಆ ಕುಳಿಗಳೇ ಆಮೇಲೆ ಗರಗರ ಅನ್ನುವುದು.

ಇನ್ನು ಸ್ಪ್ರಿಂಗ್. ಹೆಡ್ಡಿನ ಎಡಗಡೆ, ಹ್ಯಾಂಡಲಿನ ಎದುರು ಬದಿಗೆ, ಬಟ್ಟಲಿನಂಥ ಮುಚ್ಚಳದೊಳಗೆ ಪಟ್ಟಿ ಸ್ಪ್ರಿಂಗ್ ಸುತ್ತಿಕೊಂಡು ಕೂತಿರುತ್ತದೆ. ಕ್ವಿಲ್ಲನ್ನು ಮೇಲೆ ಎಳೆಯುವುದು ಅದೇ. ಈ ಯಂತ್ರದಲ್ಲಿ ಬಿಚ್ಚುವವನ ಬೆರಳು ಕೊಯ್ಯುವ ಭಾಗ ಇದೊಂದೇ. ಕ್ವಿಲ್ ಪೂರ್ತಿ ಮೇಲಿರಲಿ, ಲಾಕ್ ಬಿಗಿಯಿರಲಿ, ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು. ಹೊರಗಿನ ನಟ್ ತೆಗೆದು, ಒಳಗಿನ ನಟ್ಟನ್ನು ಮುಚ್ಚಳ ಕಚ್ಚಿನಿಂದ ಹೊರಬರುವಷ್ಟೇ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಮುಚ್ಚಳವನ್ನು ದೊಡ್ಡ ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು, ತುಸು ಹೊರಗೆಳೆದು, ಒಂದೊಂದೇ ಕಚ್ಚು ಹಿಂದಕ್ಕೆ ಬಿಡುತ್ತ ಬನ್ನಿ. ಎಷ್ಟು ಸುತ್ತು ಬಿಟ್ಟಿರಿ, ಯಾವ ದಿಕ್ಕಿಗೆ ಎಂಬುದನ್ನು ಹೆಡ್ಡಿನ ಮೇಲೆಯೇ ಸೀಮೆಸುಣ್ಣದಿಂದ ಬರೆಯಿರಿ. ಎಳೆತ ಸತ್ತ ಮೇಲೂ ಸ್ಪ್ರಿಂಗನ್ನು ಮುಚ್ಚಳದಿಂದ ಹೊರಗೆ ತೆಗೆಯುವ ಗೋಜಿಗೆ ಹೋಗಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿ, ಒಣಗಿಸಿ, ಎಣ್ಣೆ ಬಿಟ್ಟರೆ ಸಾಕು.

ಮುಂದಿನ ಹೆಜ್ಜೆ ಫೀಡ್ ಶಾಫ್ಟನ್ನು ಪಕ್ಕಕ್ಕೆ ಎಳೆಯುವುದು. ಅದರ ಪಿನಿಯನ್ (ಸಣ್ಣ ಹಲ್ಲುಗಾಲಿ) ಕ್ವಿಲ್ಲಿನ ಹಲ್ಲುಸಾಲು, ಅಂದರೆ ರ‍್ಯಾಕ್, ಬಿಟ್ಟ ಕ್ಷಣ ಕ್ವಿಲ್ಲನ್ನು ಹಿಡಿದಿಡುವುದು ಲಾಕ್ ಒಂದೇ. ಆದ್ದರಿಂದ ಟೇಬಲನ್ನು ಮೇಲಕ್ಕೆ ತಂದು, ಕ್ವಿಲ್ಲಿನ ಕೆಳಗೆ ಮರದ ತುಂಡು ಕೊಟ್ಟು, ಆಮೇಲೆ ಲಾಕ್ ಸಡಿಲಿಸಿ. ಇಲ್ಲದಿದ್ದರೆ ಸ್ಪಿಂಡಲ್ ಸಮೇತ ನೆಲಕ್ಕೆ.

ಬೋಲ್ಟುಗಳ ವಿಷಯ. ಹಳೆಯ ಬ್ರಿಟಿಷ್ ಯಂತ್ರವಾಗಲಿ, ಅದನ್ನು ನೋಡಿ ಇಲ್ಲಿ ಮಾಡಿದ್ದಾಗಲಿ, ಆಟೆ (ಥ್ರೆಡ್) ವಿಟ್‌ವರ್ತ್, ಅಂದರೆ ಹಳೆಯ ಬ್ರಿಟಿಷ್ ಇಂಚಿನ ಅಳತೆಯದು, ಇರುವ ಸಾಧ್ಯತೆ ಹೆಚ್ಚು. ನಾಲ್ಕು ಸೂತಿನ (ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ) ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಆಟೆ, ಅದೇ ಅಳತೆಯ ಅಮೆರಿಕನ್ ಯುಎನ್‌ಸಿಗೆ 13. ಮೂರು ಸೂತಿನದು ಎರಡರಲ್ಲೂ 16, ಆದರೆ ಆಟೆಯ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಕೈಗೆ ಸಿಕ್ಕ ಎಂ10 (ಮೆಟ್ರಿಕ್ 10 ಮಿಮೀ) ಬೋಲ್ಟನ್ನು ಮೂರು ಸೂತಿನ ತೂತಿಗೆ ಒತ್ತಾಯದಿಂದ ತಿರುಗಿಸಿದರೆ ಬೀಡಿನ ಆಟೆ ಪುಡಿಯಾಗಿ ಬರುತ್ತದೆ. ಬೋಲ್ಟ್ ಜಾಮ್ ಆಗಿದ್ದರೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ, ಆಮೇಲೆ ಮೊದಲು ತುಸು ಬಿಗಿದು, ಆಮೇಲೆ ಬಿಚ್ಚಿ.

ಕ್ವಿಲ್ಲಿನೊಳಗಿಂದ ಸ್ಪಿಂಡಲ್ ತೆಗೆಯಲು ಮೇಲ್ತುದಿಯ ಲಾಕ್ ವಾಷರಿನ ನಾಲಿಗೆ ಎಬ್ಬಿಸಿ ನಟ್ ತೆಗೆಯಬೇಕು. ಬೇರಿಂಗ್ ನಂಬರನ್ನು ಆಗಲೇ ಬರೆದುಕೊಳ್ಳಿ. 6204 ಅಂದರೆ 20 ಮಿಮೀ ಒಳಗು, 47 ಹೊರಗು, 14 ದಪ್ಪ. 6205 ಅಂದರೆ 25, 52, 15. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳಗಿನ ವ್ಯಾಸ, 04ರಿಂದ ಮೇಲಕ್ಕೆ ಈ ಲೆಕ್ಕ ನಡೆಯುತ್ತದೆ, 6203ಕ್ಕೆ ನಡೆಯುವುದಿಲ್ಲ, ಅದರ ಒಳಗು 17. ನಂಬರ್ ಅಳಿಸಿದ್ದರೆ ವರ್ನಿಯರಿನಿಂದ ಅಳೆಯಿರಿ. 19.05 ಬಂದರೆ ಅದು ಮುಕ್ಕಾಲು ಇಂಚಿನ ಬೇರಿಂಗ್, ಸವೆದ 20 ಅಲ್ಲ. ಇಂಚಿನದು ದುಬಾರಿಯೆಂದು ಮೆಟ್ರಿಕ್ ಬೇರಿಂಗಿಗೆ ತೆಳು ಬುಷ್ ಹಾಕಿಸುವ ಉಪಾಯ ಹಲವರು ಹೇಳುತ್ತಾರೆ. ಸ್ಪಿಂಡಲ್ ವಿಷಯದಲ್ಲಿ ಅದು ಬೇಡ, ಬುಷ್ಷಿನ ಒಳಗೂ ಹೊರಗೂ ಬರುವ ಚಿಕ್ಕ ತಪ್ಪುಗಳು ಕೂಡಿ ರನ್‌ಔಟ್ ಆಗುತ್ತವೆ.

ಕೊರೆಯುವಾಗಿನ ಒತ್ತಡ ಸ್ಪಿಂಡಲನ್ನು ಮೇಲಕ್ಕೆ ತಳ್ಳುತ್ತದೆ. 12 ಮಿಮೀ ಡ್ರಿಲ್ ಎಂಎಸ್ (ಮೆದು ಉಕ್ಕಿನ) ಪಟ್ಟಿಗೆ ಇಳಿಯುವಾಗ ಅದು 200 ಕಿಲೋ ತೂಕದ ಆಸುಪಾಸು. ಅದನ್ನು ಹೊರುವುದಕ್ಕೆಂದೇ ಕೆಳತುದಿಯಲ್ಲಿ ಥ್ರಸ್ಟ್ ಬೇರಿಂಗ್ ಇರುತ್ತದೆ. 51104ರಂಥ ಥ್ರಸ್ಟ್ ಬೇರಿಂಗಿನ ಎರಡು ವಾಷರುಗಳು ಒಂದೇ ರೀತಿ ಕಂಡರೂ ಒಂದರ ತೂತು 20, ಇನ್ನೊಂದರದು 21. ಬಿಗಿಯಾದದ್ದು ಸ್ಪಿಂಡಲಿನ ಭುಜದ ಮೇಲೆ, ಸಡಿಲದ್ದು ಕ್ವಿಲ್ಲಿನ ಕಡೆಗೆ. ಅದಲು ಬದಲಾದರೆ ನಿಂತಿರಬೇಕಾದ ವಾಷರ್ ಸ್ಪಿಂಡಲಿನ ಜೊತೆ ತಿರುಗುತ್ತ ಕ್ವಿಲ್ಲಿನ ಮುಖವನ್ನು ತಿನ್ನುತ್ತದೆ. ಹಿಂದಿನ ರಿಪೇರಿಯವರು ಇಲ್ಲಿ ಎಡವಿರುವುದು ಎಷ್ಟೋ ಯಂತ್ರಗಳಲ್ಲಿ ಕಾಣುತ್ತದೆ. ಬಿಚ್ಚಿದಾಗ ಇದ್ದ ಹಾಗೆಯೇ ಕೂರಿಸುವ ಮೊದಲು ಇದ್ದದ್ದು ಸರಿಯೇ ಎಂದು ನೋಡಿ.

ಹೊಸ ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಒಳ ಉಂಗುರವನ್ನು ಮಾತ್ರ ಒತ್ತಬೇಕು, ಬೋರಿಗೆ ಇಳಿಸುವಾಗ ಹೊರ ಉಂಗುರವನ್ನು. ಬಿಸಿ ಮಾಡಿ ಏರಿಸುವುದಾದರೆ 80ರಿಂದ 100 ಡಿಗ್ರಿ ಸಾಕು, 120 ದಾಟಬಾರದು. ಗ್ಯಾಸ್ ಕಟರಿನ ಜ್ವಾಲೆ ಹತ್ತಿರವೂ ಸುಳಿಯಬಾರದು. ರಬ್ಬರ್ ಸೀಲ್ ಇರುವ ಬೇರಿಂಗ್ ಬಿಸಿಗೆ ಬೇಡವೇ ಬೇಡ, ಪ್ರೆಸ್ಸಿನಲ್ಲಿ ಒತ್ತಿ. ತೆರೆದ ಬೇರಿಂಗಾದರೆ ಲಿಥಿಯಂ ಗ್ರೀಸನ್ನು ಖಾಲಿ ಜಾಗದ ಮೂರರಲ್ಲಿ ಒಂದು ಪಾಲು ತುಂಬಿ. ಪೂರ್ತಿ ತುಂಬಿದರೆ ಗ್ರೀಸನ್ನು ಕಲಸುವುದರಲ್ಲೇ ಬೇರಿಂಗ್ ಕಾಯುತ್ತದೆ. ಮೇಲಿನ ನಟ್ಟನ್ನು, ಸ್ಪಿಂಡಲ್ ಮೇಲಕ್ಕೂ ಕೆಳಕ್ಕೂ ಅಲುಗುವುದು ಗೇಜಿನಲ್ಲಿ ಕಾಣದಷ್ಟು ಬಿಗಿದು, ಕೈಯಲ್ಲಿ ತಿರುಗಿಸಿದಾಗ ಎಲ್ಲಿಯೂ ತಡೆಯದಿದ್ದರೆ ವಾಷರಿನ ನಾಲಿಗೆ ಮಡಚಿ.

ಮೋರ್ಸ್ ಟೇಪರಿನೊಳಗೆ ಗೀರುಗಳಿದ್ದರೆ ಯಾರೋ ಡ್ರಿಲ್ಲನ್ನು ಅದರೊಳಗೆ ಸುತ್ತಿಸಿದ್ದಾರೆ ಎಂದರ್ಥ. ಎರಡನೇ ನಂಬರಿನ ಟೇಪರಾದರೆ ಅದೇ ನಂಬರಿನ ಫಿನಿಶಿಂಗ್ ರೀಮರನ್ನು ಕೈಯಿಂದ ಹಗುರವಾಗಿ ತಿರುಗಿಸಿ ಎದ್ದ ಅಂಚುಗಳನ್ನು ಮಾತ್ರ ತೆಗೆಯಿರಿ. ಆಮೇಲೆ ಹೊಸ ಮೋರ್ಸ್ ಟೇಪರ್ ಸ್ಲೀವಿಗೆ (ಇದು ಕ್ವಿಲ್ ಅಲ್ಲ) ಗುರುತಿನ ನೀಲಿ ಬಣ್ಣ ಸವರಿ ಒಳಗಿಟ್ಟು ನೋಡಿದರೆ ಉದ್ದಕ್ಕೂ ಗುರುತು ಹತ್ತಬೇಕು. ಬೆರಳಿಗೆ ಎಮರಿ ಪೇಪರ್ ಸುತ್ತಿ ಒಳಗೆ ಉಜ್ಜಿದರೆ ಟೇಪರ್ ಹೋಯಿತು. ಡ್ರಿಲ್ಲಿನ ಬಾಲದ ಚಪ್ಪಟೆ ತುಂಡು ಮುರಿಯುವುದಕ್ಕೂ ಕಾರಣ ಇದೇ ಟೇಪರ್. ತಿರುಗುವ ಬಲವನ್ನು ಹೊರಬೇಕಾದ್ದು ಟೇಪರಿನ ಹಿಡಿತ, ಕೊಳೆ ಇದ್ದಾಗ ಆ ಹೊರೆಯೆಲ್ಲ ಬಾಲದ ಮೇಲೆ ಬೀಳುತ್ತದೆ.

ಬೋರ್ ಸವೆದಿದ್ದರೆ ಮೊದಲು ನೋಡಬೇಕಾದ್ದು ಹೆಡ್ಡಿನ ಮುಂಭಾಗಕ್ಕೆ ಸೀಳು ಇದೆಯೇ ಎಂದು. ಕೆಲವು ಹೆಡ್ಡುಗಳಲ್ಲಿ ಬೀಡನ್ನು ಸೀಳಿ ಬೋಲ್ಟ್ ಹಾಕಿರುತ್ತಾರೆ, ಬಿಗಿದಂತೆ ಬೋರ್ ಕಿರಿದಾಗುತ್ತದೆ. ಸುತ್ತಿನ ಎಂಟನೇ ಒಂದು ಭಾಗದಷ್ಟು ಬಿಗಿಯುವುದು, ಕ್ವಿಲ್ ಜಾರಿಸಿ ನೋಡುವುದು. ಹೆಚ್ಚು ಬಿಗಿದರೆ ಸೀಳಿನ ಮೇಲ್ತುದಿಯಿಂದ ಬಿರುಕು ಹೊರಡುತ್ತದೆ. ಅಲ್ಲಿ ಆಗಲೇ ಬಿರುಕಿದೆಯೇ ತಿಳಿಯಲು ಫೌಂಡ್ರಿಯವರ ಹಳೆಯ ಪದ್ಧತಿ ಸಾಕು: ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಒಣಗಿಸಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದ ಕಡೆ ಎಣ್ಣೆ ಮೇಲೆದ್ದು ಗೆರೆ ಮೂಡುತ್ತದೆ.

ಸೀಳಿಲ್ಲದ ಹೆಡ್ಡಾದರೆ ಎರಡು ಕೆಲಸ ಕೂಡಿಯೇ ನಡೆಯಬೇಕು. ಬೋರನ್ನು ಹೋನಿಂಗ್ (ಸಾಣೆಕಲ್ಲಿನಿಂದ ಒಳಗೆ ತೇಯುವುದು) ಮಾಡಿಸಿ ದುಂಡಗೆ, ನೇರ ಮಾಡಿಸುವುದು. ಆ ಹೊಸ ಅಳತೆಗೆ ಕ್ವಿಲ್ಲಿಗೆ ಹಾರ್ಡ್ ಕ್ರೋಮ್ ಹಾಕಿಸಿ ಗ್ರೈಂಡಿಂಗ್ ಮಾಡಿಸುವುದು, ಇಲ್ಲವೇ ಹೊಸ ಕ್ವಿಲ್ ಮಾಡಿಸುವುದು. ನಡುವಿನ ಸಡಿಲ 0.02 ಮಿಮೀ ಆಸುಪಾಸು ಇರಲಿ. ಮೊದಲು ಬೋರ್, ಆಮೇಲೆ ಕ್ವಿಲ್, ಈ ಕ್ರಮ ತಿರುಗಿಸಬಾರದು: ಹೊರಗಿನ ಅಳತೆಯನ್ನು ಒಳಗಿನದಕ್ಕೆ ಹೊಂದಿಸುವುದು ಸುಲಭ, ತದ್ವಿರುದ್ಧ ಕಷ್ಟ. ಕ್ರೋಮ್ ಹಾಕುವವರಿಗೆ ರ‍್ಯಾಕಿನ ಹಲ್ಲು ಮುಚ್ಚಲು ಮರೆಯದೆ ಹೇಳಿ. ಇದು ಸಣ್ಣ ಖರ್ಚಲ್ಲ. ಅದಕ್ಕೇ ಮೊದಲ ದಿನದ ಗೇಜಿನ ಅಂಕಿಗೆ ಅಷ್ಟು ಬೆಲೆ.

ಪಿನಿಯನ್ ಹೊಸದಾಗಿ ಮಾಡಿಸುವುದಾದರೆ ಹಲ್ಲಿನ ಜಾತಿ ತಿಳಿಯಬೇಕು. ರ‍್ಯಾಕಿನ ಹತ್ತು ಹಲ್ಲುಗಳ ಅಂತರ ಅಳೆಯಿರಿ: 62.8 ಮಿಮೀ ಬಂದರೆ ಮಾಡ್ಯೂಲ್ 2 (ಮೆಟ್ರಿಕ್ ಹಲ್ಲು), 66.5 ಬಂದರೆ 12 ಡಿಪಿ (ಇಂಚಿನ ಹಲ್ಲು). ಎರಡನ್ನೂ ಕಣ್ಣಿನಿಂದ ನೋಡಿ ಗುರುತಿಸಲು ಆಗುವುದಿಲ್ಲ, ಒಂದರ ಮೇಲೊಂದು ಓಡಿಸಿದರೆ ಎರಡೂ ಹಾಳು.

ಮುರಿದ ಬೀಡಿನ ಭಾಗಗಳ ವಿಷಯದಲ್ಲಿ ಬೆಳಗಾವಿಯವರ ಅದೃಷ್ಟ ದೊಡ್ಡದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಈ ಊರಿನಲ್ಲಿ. 1910ರಲ್ಲಿ ಅವರು ಕಾರ್ಖಾನೆ ಕಟ್ಟಿಕೊಂಡು ಈಗಿನ ಮಹಾರಾಷ್ಟ್ರದ ಕಿರ್ಲೋಸ್ಕರವಾಡಿಗೆ ಹೋದರೂ ಕಬ್ಬಿಣದ ಕೆಲಸ ಊರು ಬಿಟ್ಟು ಹೋಗಲಿಲ್ಲ, ಇವತ್ತಿಗೂ ಎರಕ ಹೊಯ್ಯುವುದರಲ್ಲಿ ಈ ಊರಿಗೆ ಹೆಸರಿದೆ. ದೊಡ್ಡ ಫೌಂಡ್ರಿಗಳು ಒಂದು ಹ್ಯಾಂಡಲ್ ಬಾಸಿಗಾಗಿ ಅಚ್ಚು ಕಟ್ಟುವುದಿಲ್ಲ, ಬಿಡಿ ಕೆಲಸ ಹಿಡಿಯುವ ಸಣ್ಣ ಜಾಬಿಂಗ್ ಫೌಂಡ್ರಿಯಲ್ಲಿ ಕೇಳಬೇಕು. ಮುರಿದ ತುಂಡನ್ನೇ ಅಂಟಿಸಿ ಪ್ಯಾಟರ್ನ್ (ಅಚ್ಚಿಗೆ ಮಾದರಿ) ಆಗಿ ಕೊಟ್ಟರೆ ಬರುವ ಎರಕ ಚಿಕ್ಕದಾಗಿರುತ್ತದೆ. ಬೀಡು ತಣಿಯುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, 300 ಮಿಮೀ ಟೇಬಲಿಗೆ 3 ಮಿಮೀ ಕಡಿಮೆ. ಮಷಿನಿಂಗ್ ಆಗುವ ಮುಖಗಳಿಗೆ ಇನ್ನೂ 3 ಮಿಮೀ ಹೆಚ್ಚಿಗೆ ಬೇಕು. ಪ್ಯಾಟರ್ನಿಗೆ ಪಟ್ಟಿ ಅಂಟಿಸಿ ದಪ್ಪ ಮಾಡಿ ಕೊಡಿ, ಬೀಡಿನ ಎಫ್‌ಜಿ 200 ಅಥವಾ 260 ಗ್ರೇಡ್ ಕೇಳಿ.

ತುಕ್ಕು ತೆಗೆಯುವುದರ ಬಗ್ಗೆ ಜನ ಬಹಳ ಮಾತಾಡುತ್ತಾರೆ. ಟೇಬಲ್, ಬ್ರಾಕೆಟ್, ಬೆಲ್ಟ್ ಗಾರ್ಡಿನಂಥ ಬೀಡು ಮತ್ತು ತಗಡಿನ ಭಾಗಗಳಿಗೆ ಎಲೆಕ್ಟ್ರೊಲಿಸಿಸ್ ಒಳ್ಳೆಯದು: ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 20 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ, ಸುತ್ತ ಕಟ್ಟಡದ ಕಬ್ಬಿಣದ ಸರಳುಗಳು, 12 ವೋಲ್ಟಿನ ಹಳೆಯ ಮಾದರಿ ಬ್ಯಾಟರಿ ಚಾರ್ಜರ್. ಪಾಸಿಟಿವ್ ಸರಳಿಗೆ, ನೆಗೆಟಿವ್ ಯಂತ್ರದ ಭಾಗಕ್ಕೆ. ತಿರುವುಮುರುವಾದರೆ ಕರಗುವುದು ನಿಮ್ಮ ಟೇಬಲ್. ಸ್ಟೇನ್‌ಲೆಸ್ ಸರಳು ಬಳಸಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಹೊರಡುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ತೆರೆದ ಜಾಗದಲ್ಲೇ ಮಾಡಿ, ಬೀಡಿ ದೂರವಿರಲಿ. ಅಲ್ಯೂಮಿನಿಯಂ ಪುಲ್ಲಿಯನ್ನು ಸೋಡಾ ತಿನ್ನುತ್ತದೆ. ಸ್ಪ್ರಿಂಗ್, ಸ್ಪಿಂಡಲಿನಂಥ ಗಡುಸು ಉಕ್ಕನ್ನು ಇದರಲ್ಲಾಗಲಿ ಆಮ್ಲದಲ್ಲಾಗಲಿ ಅದ್ದಬಾರದು, ಹೈಡ್ರೋಜನ್ ಒಳಸೇರಿ ಉಕ್ಕು ಪೆಡಸಾಗುತ್ತದೆ. ಪಿಲ್ಲರಿಗೆ 320 ನಂಬರಿನ ವಾಟರ್ ಪೇಪರ್ ಮತ್ತು ಸೀಮೆಎಣ್ಣೆಯೇ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಈ ಕೆಲಸ ಶುರು ಮಾಡದಿರುವುದೇ ಲೇಸು. ತೊಳೆದು ಬೆಳ್ಳಗಾದ ಬೀಡು ಮಳೆಗಾಲದ ಗಾಳಿಗೆ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಬಣ್ಣವೂ ಒಣಗುವುದಿಲ್ಲ. ಬಣ್ಣದ ಬಗ್ಗೆ ಹೇಳುವುದು ಇಷ್ಟೇ: ಹಳೆಯ ಪದರದಲ್ಲಿ ಸೀಸ ಇರಬಹುದು, ಒಣ ಉಜ್ಜಾಟ ಬೇಡ, ರಿಮೂವರ್ ಹಾಕಿ ಕೆರೆಯಿರಿ. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ತೊಳೆದು ಹಾಗೇ ಬಿಡುವುದು ನಮ್ಮ ಪ್ರಕಾರ ಇನ್ನೂ ಚೆಂದ. ಟೇಬಲಿನ ಮೇಲೆ ಯಾರೋ ಕೊರೆದ ಗುಳಿಗಳಿಗೂ ಅದೇ ಮಾತು. ಅವನ್ನು ತೆಗೆಯಲು ಇಡೀ ಟೇಬಲನ್ನು ಮಿಲ್ಲಿಂಗ್‌ಗೆ ಹಾಕಿ ತೆಳ್ಳಗೆ ಮಾಡುವವರಿಗೆ ಯಂತ್ರ ಬೇಕಿಲ್ಲ, ಫೋಟೋ ಬೇಕು.

ಮೋಟರಿಗೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚಿ ನೋಡಿ, ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಒಣಗಿಸಿ ಮತ್ತೆ ನೋಡಿ. ಹಳೆಯ ಟಾಗಲ್ ಸ್ವಿಚ್ ಕಿತ್ತು ನೋ-ವೋಲ್ಟ್ ಕಾಯಿಲ್ (ಕರೆಂಟ್ ಹೋದರೆ ಸ್ವಿಚ್ ಬಿಡಿಸುವ ಸುರುಳಿ) ಇರುವ ಸ್ಟಾರ್ಟರ್ ಹಾಕಿಸುವುದು ಕಡ್ಡಾಯವೆಂದೇ ತಿಳಿಯಿರಿ. ಕರೆಂಟ್ ಹೋಗಿ ಬಂದಾಗ, ನೀವು ಚಕ್ ಚಾವಿ ಹಿಡಿದು ನಿಂತಿರುವಾಗ, ಯಂತ್ರ ತಾನಾಗಿ ತಿರುಗಬಾರದು. ಮೇಲಿಂದ ನೋಡಿದರೆ ಸ್ಪಿಂಡಲ್ ಗಡಿಯಾರದ ದಿಕ್ಕಿಗೆ ತಿರುಗಬೇಕು, ಉಲ್ಟಾ ಆದರೆ ಮೂರು ಫೇಸಿನಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ.

ಜೋಡಿಸಿದ ಮೇಲೆ ಚಕ್ಕಿಗೆ ಬಾಗಿಸಿದ ಸರಳು ಹಿಡಿದು, ಅದರ ತುದಿಗೆ ಗೇಜ್ ಕಟ್ಟಿ, 200 ಮಿಮೀ ವ್ಯಾಸದ ವೃತ್ತದಲ್ಲಿ ಟೇಬಲಿನ ಮೇಲೆ ಓಡಿಸಿ. ಟೇಬಲ್ ಬಿಗಿದೇ ಓದಬೇಕು. ಎಡ ಬಲದ ವ್ಯತ್ಯಾಸವನ್ನು ಟೇಬಲ್ ವಾಲಿಸುವ ಬೋಲ್ಟಿನಿಂದ ಸರಿಪಡಿಸಬಹುದು, ಹಿಂದೆ ಮುಂದೆಯದಕ್ಕೆ ಹಿತ್ತಾಳೆಯ ಶಿಮ್ (ತೆಳು ತಗಡು) ಕೊಡಬೇಕು. ಮುಂಭಾಗ ಕೂದಲೆಳೆಯಷ್ಟು ಎತ್ತರವಿದ್ದರೆ ಬಿಡಿ, ಕೊರೆಯುವ ಒತ್ತಡಕ್ಕೆ ಟೇಬಲ್ ಹೇಗೂ ಮುಂದಕ್ಕೆ ತಗ್ಗುತ್ತದೆ.

ಬೆಲ್ಟ್ ಎ ಸೆಕ್ಷನಿನದು, ಮೇಲಗಲ 13 ಮಿಮೀ. ಅದರ ತಳ ಪುಲ್ಲಿಯ ತಳಕ್ಕೆ ತಾಗಿ ಹೊಳೆಯುತ್ತಿದ್ದರೆ ಸವೆದದ್ದು ಪುಲ್ಲಿ, ಎಷ್ಟು ಎಳೆದರೂ ಜಾರುತ್ತದೆ. ಇನ್ನು ವೇಗ. 1440 ಸುತ್ತಿನ ಮೋಟರ್, 60 ಮಿಮೀ ಪುಲ್ಲಿಯಿಂದ 120ರದಕ್ಕೆ ಬಂದರೆ ಸ್ಪಿಂಡಲ್ 720 ಸುತ್ತು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ಲಿಗೆ ಎಂಎಸ್‌ನಲ್ಲಿ ಅಂಚಿನ ವೇಗ ನಿಮಿಷಕ್ಕೆ 25 ಮೀಟರ್ ಅಂದರೆ ಈ ವೇಗ 11 ಮಿಮೀ ಡ್ರಿಲ್ಲಿಗೆ ಸರಿ. ಅತಿ ನಿಧಾನದ ಮೆಟ್ಟಿಲು 50ರಿಂದ 150ಕ್ಕೆ ಇದ್ದರೆ 480 ಸುತ್ತು, ಅದು 16 ಮಿಮೀವರೆಗೆ. ಅದೇ ಮೆಟ್ಟಿಲಿನಲ್ಲಿ 25ರ ಡ್ರಿಲ್ ಹಾಕಿದರೆ ಹೊರಮೂಲೆ ನೀಲಿಯಾಗಿ ಸುಡುತ್ತದೆ, ಅದಕ್ಕೆ ಬೇಕಾದ್ದು 320ರ ಆಸುಪಾಸು. ದೊಡ್ಡ ತೂತಿನ ಕೆಲಸವೇ ಹೆಚ್ಚಿದ್ದರೆ 960 ಸುತ್ತಿನ ಆರು ಪೋಲಿನ ಮೋಟರ್ ಕೂರಿಸಿ, ಮೂರರಲ್ಲಿ ಒಂದು ಅಂದರೆ 320 ನೇರ ಸಿಗುತ್ತದೆ.

ಮೊದಲ ಓಟ ಖಾಲಿಯಾಗಿ, ನಡುವಿನ ವೇಗದಲ್ಲಿ, ಅರ್ಧ ಗಂಟೆ. ಕ್ವಿಲ್ ಬೆಚ್ಚಗಾದರೆ ಸರಿ, ಕೈ ಇಟ್ಟುಕೊಳ್ಳಲಾಗದಷ್ಟು ಕಾದರೆ ಮೇಲಿನ ನಟ್ ಹೆಚ್ಚು ಬಿಗಿದಿದೆ, ನಾಲಿಗೆ ಎಬ್ಬಿಸಿ ಒಂದು ಕಚ್ಚು ಸಡಿಲಿಸಿ. ಆಮೇಲೆ ಮೊದಲ ದಿನದ ಮೂರು ಅಳತೆಗಳನ್ನೂ ಮತ್ತೆ ತೆಗೆದು ಹಳೆಯ ಅಂಕಿಗಳ ಪಕ್ಕ ಬೆಲ್ಟ್ ಗಾರ್ಡಿನ ಒಳಮೈ ಮೇಲೆ ಬರೆದಿಡಿ, ಬೇರಿಂಗ್ ನಂಬರುಗಳ ಸಮೇತ. ಮುಂದೆ ಈ ಯಂತ್ರ ಬಿಚ್ಚುವವನಿಗೆ ಬೇಕಾಗುವುದು ಅದೇ.